ದ್ವಿಚಕ್ರ ವಾಹನದ ಎಲ್‌ಎಲ್‌ಆರ್ ಪರೀಕ್ಷೆಗೆ ತಯಾರಿ: ಓದಬೇಕಾದ ಕ್ರಮ ಮತ್ತು ಎಡವುವ ಜಾಗಗಳು

ಕಲಿಕಾ ಪರವಾನಗಿಯ ಪರೀಕ್ಷೆಯಲ್ಲಿ, ಅಂದರೆ ನಾವೆಲ್ಲ ಎಲ್‌ಎಲ್‌ಆರ್ ಎಂದು ಕರೆಯುವ ಪರೀಕ್ಷೆಯಲ್ಲಿ, ಎರಡು ಮೂರು ಸಲ ನಪಾಸಾದವರನ್ನು ವಿಚಾರಿಸಿದರೆ ಹೆಚ್ಚಾಗಿ ಸಿಗುವ ಉತ್ತರ ಒಂದೇ: "ಪ್ರಶ್ನೆಗಳನ್ನೆಲ್ಲ ಓದಿಕೊಂಡೇ ಹೋಗಿದ್ದೆ." ತೊಡಕು ಶುರುವಾಗುವುದೇ ಅಲ್ಲಿಂದ. ಮೊಬೈಲಿನಲ್ಲಿ ಹರಿದಾಡುವ ಪ್ರಶ್ನೋತ್ತರ ಪಟ್ಟಿಯನ್ನು ಮೊದಲ ದಿನವೇ ಹಿಡಿದು ಉರು ಹೊಡೆದವರಿಗೆ ಉತ್ತರ ನೆನಪಿರುತ್ತದೆ, ಆ ಉತ್ತರ ಏಕೆ ಸರಿ ಎಂಬುದು ತಿಳಿದಿರುವುದಿಲ್ಲ. ಪ್ರಶ್ನೆಯ ಮಾತು ಸ್ವಲ್ಪ ಬದಲಾದರೆ ಸಾಕು, ಅವರು ತಮ್ಮೂರಿನ ರಸ್ತೆಯ ರೂಢಿಯನ್ನೇ ಉತ್ತರವಾಗಿ ಬರೆದು ಬರುತ್ತಾರೆ. ಇನ್ನೊಂದು ಬಗೆಯವರಿದ್ದಾರೆ, ತೋಟದ ದಾರಿಯಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದ್ದರಿಂದ ಓದುವುದೇನಿದೆ ಎಂದು ನೇರವಾಗಿ ಹೋಗಿ ಕೂರುವವರು. ಪರೀಕ್ಷೆ ಕೇಳುವುದು ಕೈಯ ಚಳಕವನ್ನಲ್ಲ, ನಿಯಮವನ್ನು. ಇಬ್ಬರೂ ತಪ್ಪುತ್ತಿರುವುದು ಓದಿನ ಕ್ರಮದಲ್ಲಿ. ಮುಂದಿನ ಹಂತಗಳನ್ನು ಅದೇ ಅನುಕ್ರಮದಲ್ಲಿ, ದಿನಕ್ಕೆ ಒಂದು ಗಂಟೆಯಂತೆ ಹತ್ತು ದಿನ ನಡೆಸಿದರೆ ಸಾಕಾಗುತ್ತದೆ.

ಹಂತ 1: ಅರ್ಜಿಗೆ ಮೊದಲು ವರ್ಗ, ವಯಸ್ಸು, ದಾಖಲೆ

ಪರವಾನಗಿಗೆ ಅರ್ಜಿ ಹಾಕುವ ಸರ್ಕಾರದ ಸಾರಥಿ ಜಾಲತಾಣದಲ್ಲಿ ಅರ್ಜಿ ತುಂಬುವಾಗ ಗೇರ್ ಇರುವ ಮೋಟಾರ್ ಸೈಕಲ್ ಮತ್ತು ಗೇರ್ ಇಲ್ಲದ ಮೋಟಾರ್ ಸೈಕಲ್ ಎಂಬ ಎರಡು ವರ್ಗಗಳು ಕಾಣುತ್ತವೆ. ಮನೆಯಲ್ಲಿ ಈಗ ಸ್ಕೂಟರ್ ಇದೆ ಎಂಬ ಕಾರಣಕ್ಕೆ ಗೇರ್ ಇಲ್ಲದ ವರ್ಗವನ್ನು ಆರಿಸಿ, ಆರು ತಿಂಗಳ ಮೇಲೆ ಬೈಕ್ ಕೊಂಡು ಮತ್ತೆ ಮೊದಲಿನಿಂದ ಅಲೆಯುವವರನ್ನು ಪ್ರತಿ ವರ್ಷವೂ ಕಾಣುತ್ತೇನೆ. ಬೈಕ್ ಓಡಿಸುವ ಯೋಚನೆ ಸ್ವಲ್ಪವಾದರೂ ಇದ್ದರೆ ಗೇರ್ ಇರುವ ವರ್ಗವನ್ನೇ ಆರಿಸಿಕೊಳ್ಳಬೇಕು.

ಗೇರ್ ಇರುವ ಗಾಡಿಗೆ 18 ವರ್ಷ ತುಂಬಿರಬೇಕು. 16 ವರ್ಷಕ್ಕೆ ಪೋಷಕರ ಒಪ್ಪಿಗೆಯೊಂದಿಗೆ ಸಿಗುವುದು 50 ಸಿಸಿ ಮೀರದ, ಗೇರ್ ಇಲ್ಲದ ಗಾಡಿಯ ಪರವಾನಗಿ ಮಾತ್ರ. ಅಂಗಡಿಯಲ್ಲಿ ಸಿಗುವ ಪೆಟ್ರೋಲ್ ಸ್ಕೂಟರುಗಳೆಲ್ಲ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡವು ಎಂಬುದನ್ನು ಪಿಯುಸಿ ಮಕ್ಕಳ ಪೋಷಕರು ಮರೆಯುತ್ತಾರೆ. ಅಪ್ರಾಪ್ತರ ಕೈಗೆ ಗಾಡಿ ಕೊಟ್ಟು ಅಪರಾಧ ನಡೆದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಆ ಹುಡುಗನಿಗೆ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಇಲ್ಲ ಎಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಹೇಳುತ್ತದೆ. ಇದು ಪರೀಕ್ಷೆಗೂ ಬೇಕಾದ ವಿಷಯ.

ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ, ಆಧಾರ್‌ನಲ್ಲಿರುವ ಹೆಸರೂ ಜನ್ಮದಿನಾಂಕವೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯೊಂದಿಗೆ ಹೊಂದುತ್ತವೆಯೇ ಎಂದು ಮೊದಲೇ ನೋಡಿಕೊಳ್ಳಿ. ಆರೋಗ್ಯದ ಸ್ವಯಂ ಘೋಷಣೆ ನಮೂನೆ 1ರಲ್ಲಿ ಇರುತ್ತದೆ. 40 ವರ್ಷ ದಾಟಿದವರು ವೈದ್ಯರ ಸಹಿಯುಳ್ಳ ನಮೂನೆ 1ಎ ಇಟ್ಟುಕೊಂಡಿರಬೇಕು. ಕೇಂದ್ರ ನಿಯಮದ ಪ್ರಕಾರ ಕಲಿಕಾ ಪರವಾನಗಿಗೆ ಪ್ರತಿ ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ಅರ್ಜಿಯಲ್ಲಿ ನಿಮ್ಮ ಊರಿನ ಸಾರಿಗೆ ಕಚೇರಿಯನ್ನು (ಆರ್‌ಟಿಒ) ಸರಿಯಾಗಿ ಆರಿಸಿ: ಶಿವಮೊಗ್ಗದ್ದು ಕೆಎ 14, ಸಾಗರದ್ದು ಕೆಎ 15.

ಹಂತ 2: ಪಠ್ಯದ ಎಲ್ಲೆಯನ್ನು ಗುರುತು ಹಾಕಿಕೊಳ್ಳಿ

ಈ ಪರೀಕ್ಷೆಗೆ ಪಠ್ಯವೇ ಇಲ್ಲ, ಏನು ಬೇಕಾದರೂ ಕೇಳಬಹುದು ಎಂಬ ಭಯ ಅನೇಕರಲ್ಲಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 11ನೆಯ ನಿಯಮ ನಾಲ್ಕೇ ವಿಷಯಗಳನ್ನು ಹೆಸರಿಸುತ್ತದೆ. ಸಂಚಾರ ಚಿಹ್ನೆ, ಸಂಕೇತ ಮತ್ತು ರಸ್ತೆ ನಿಯಮಗಳು ಮೊದಲನೆಯದು. ಅಪಘಾತದಲ್ಲಿ ಯಾರಿಗಾದರೂ ಪೆಟ್ಟಾದಾಗ ಅಥವಾ ಸಾವು ಸಂಭವಿಸಿದಾಗ ಚಾಲಕನ ಕರ್ತವ್ಯ ಎರಡನೆಯದು. ಕಾವಲಿಲ್ಲದ ರೈಲ್ವೆ ಗೇಟು ದಾಟುವಾಗಿನ ಎಚ್ಚರಿಕೆ ಮೂರನೆಯದು. ಗಾಡಿಯೊಂದಿಗೆ ಇರಬೇಕಾದ ದಾಖಲೆಗಳು ನಾಲ್ಕನೆಯದು. ಪಾಸಾಗಲು ಶೇಕಡಾ 60ರಷ್ಟು ಉತ್ತರ ಸರಿಯಿರಬೇಕು. 15 ಪ್ರಶ್ನೆಗಳಿದ್ದರೆ 9 ಎಂದು ಲೆಕ್ಕ.

ಒಂದು ನೋಟ್‌ಬುಕ್ಕಿನಲ್ಲಿ ಈ ನಾಲ್ಕು ತಲೆಬರಹಗಳನ್ನು ಬರೆದು, ಮೊದಲನೆಯದಕ್ಕೆ ಇಪ್ಪತ್ತು ಪುಟ, ಉಳಿದ ಮೂರಕ್ಕೆ ಎರಡೆರಡು ಪುಟ ಬಿಡಿ. ಓದುವ ಹೊತ್ತನ್ನೂ ಅದೇ ಪ್ರಮಾಣದಲ್ಲಿ ಹಂಚಬೇಕು. ದಂಡದ ಮೊತ್ತಗಳನ್ನು ಬಾಯಿಪಾಠ ಮಾಡುತ್ತ ಮೂರು ದಿನ ಕಳೆಯುವವರು ಇಲ್ಲೇ ಸೋಲುತ್ತಾರೆ.

ಹಂತ 3: ಪರೀಕ್ಷೆಯ ಕನ್ನಡವನ್ನು ಕಲಿಯಿರಿ

ಕನ್ನಡದಲ್ಲೇ ಪರೀಕ್ಷೆ ಬರೆಯುವ ಅವಕಾಶವಿದೆ, ಆರಿಸಿಕೊಳ್ಳಬೇಕಾದದ್ದೂ ಅದೇ. ಆದರೆ ನಾವು ಗಾಡಿಯ ಬಗ್ಗೆ ಮಾತಾಡುವ ಕನ್ನಡವೇ ಬೇರೆ, ಪ್ರಶ್ನೆಪತ್ರಿಕೆಯ ಕನ್ನಡವೇ ಬೇರೆ. "ಓವರ್‌ಟೇಕ್ ಮಾಡು" ಎನ್ನುವವನಿಗೆ "ಹಿಂದಿಕ್ಕುವುದು" ಎಂಬ ಪದ ಕಂಡಾಗ ಹಿಂದೆ ಸರಿಯುವುದು ಎಂಬ ಅರ್ಥ ಹೊಳೆದು ಉತ್ತರ ತಲೆಕೆಳಗಾಗುತ್ತದೆ. ನನ್ನ ಪರಿಚಯದ ಒಬ್ಬ ಹುಡುಗ ಇದೊಂದು ಪದದಿಂದಲೇ ಎರಡು ಅಂಕ ಕಳೆದುಕೊಂಡು ಒಂದು ಅಂಕದಲ್ಲಿ ನಪಾಸಾದ.

ಆದ್ದರಿಂದ ಒಂದು ಪುಟದಲ್ಲಿ ಎರಡು ಸಾಲು ಮಾಡಿ, ಎಡಕ್ಕೆ ನಿಮ್ಮ ಮಾತು, ಬಲಕ್ಕೆ ಪುಸ್ತಕದ ಮಾತು ಬರೆದುಕೊಳ್ಳಿ. ಒನ್ ವೇ ಎಂದರೆ ಏಕಮುಖ ಸಂಚಾರ. ಜಂಕ್ಷನ್ ಎಂದರೆ ಕೂಡುರಸ್ತೆ. ನಡೆದು ಹೋಗುವವರು ಪಾದಚಾರಿಗಳು. ಹಿಂದೆ ಕೂತವರು ಹಿಂಬದಿ ಸವಾರರು. ಆರ್‌ಸಿ ಎಂದರೆ ನೋಂದಣಿ ಪ್ರಮಾಣಪತ್ರ. ಎಮಿಷನ್ ಟೆಸ್ಟ್ ಎಂದರೆ ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ. ಡಿಮ್ ಮಾಡುವುದು ಎಂದರೆ ಹೆಡ್‌ಲೈಟಿನ ಬೆಳಕನ್ನು ತಗ್ಗಿಸುವುದು. "ನಿಷೇಧಿಸಲಾಗಿದೆ", "ಕಡ್ಡಾಯ", "ಅನುಮತಿಸಲಾಗಿದೆ" ಎಂಬ ಮೂರು ಪದಗಳ ಕೆಳಗೆ ಗೆರೆ ಎಳೆಯುವ ಅಭ್ಯಾಸ ಮಾಡಿಕೊಳ್ಳಿ. "ಕೆಳಗಿನವುಗಳಲ್ಲಿ ಯಾವುದನ್ನು ಮಾಡಬಾರದು" ಎಂಬ ಬಗೆಯ ಪ್ರಶ್ನೆಯಲ್ಲಿ ಕೊನೆಯ ಪದವನ್ನು ಓದುವ ಮೊದಲೇ ಉತ್ತರ ಒತ್ತುವುದು ಅತಿ ಸಾಮಾನ್ಯವಾದ ತಪ್ಪು.

ಹಂತ 4: ಚಿಹ್ನೆಗಳನ್ನು ಆಕಾರದಿಂದ ಹಿಡಿಯಿರಿ, ಆಮೇಲೆ ಜೋಡಿಯಾಗಿ ಓದಿ

ನೂರಾರು ಚಿತ್ರಗಳನ್ನು ಒಂದೊಂದಾಗಿ ನೆನಪಿಡುವ ಅಗತ್ಯವಿಲ್ಲ. ವೃತ್ತವಾದರೆ ಆಜ್ಞೆ: ಕೆಂಪು ಅಂಚಿನ ವೃತ್ತ ಬೇಡ ಎನ್ನುತ್ತದೆ ಅಥವಾ ಮಿತಿ ಹಾಕುತ್ತದೆ, ನೀಲಿ ತುಂಬಿದ ವೃತ್ತ ಹೀಗೇ ಮಾಡು ಎನ್ನುತ್ತದೆ. ಕೆಂಪು ಅಂಚಿನ ತ್ರಿಕೋನವಾದರೆ ಎಚ್ಚರಿಕೆ. ನೀಲಿ ಆಯತವಾದರೆ ಮಾಹಿತಿ. ಈ ಲೆಕ್ಕಕ್ಕೆ ಸಿಗದವು ಎರಡು: ಎಂಟು ಮೂಲೆಯ ಕೆಂಪು "ನಿಲ್ಲಿ" ಫಲಕ ಮತ್ತು ತಲೆಕೆಳಗಾದ ತ್ರಿಕೋನದ "ದಾರಿ ಕೊಡಿ" ಫಲಕ. ಎರಡೂ ಆಜ್ಞೆಗಳೇ. ತ್ರಿಕೋನ ಕಂಡ ಕೂಡಲೇ ಎಚ್ಚರಿಕೆ ಎಂದು ಬರೆಯುವವರು ಎಡವುವುದು ಈ ಎರಡನೆಯದರಲ್ಲಿ.

ಆಕಾರ ಗಟ್ಟಿಯಾದ ಮೇಲೆ, ಒಂದನ್ನೊಂದು ಹೋಲುವ ಚಿಹ್ನೆಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಒಂದು ಓರೆಗೆರೆಯಿದ್ದರೆ ವಾಹನ ನಿಲುಗಡೆ, ಅಂದರೆ ಪಾರ್ಕಿಂಗ್, ನಿಷೇಧ. ಗುಣಾಕಾರದ ಗುರುತಿದ್ದರೆ ಕ್ಷಣಮಾತ್ರ ನಿಲ್ಲಿಸುವುದೂ ನಿಷೇಧ. ಕೆಂಪು ವೃತ್ತದೊಳಗಿನ ಸಂಖ್ಯೆ ಗರಿಷ್ಠ ವೇಗ, ನೀಲಿ ವೃತ್ತದೊಳಗಿನ ಸಂಖ್ಯೆ ಕನಿಷ್ಠ ವೇಗ. ನೀಲಿ ವೃತ್ತದಲ್ಲಿ ಹಾರ್ನ್ ಚಿತ್ರವಿದ್ದರೆ ಹಾರ್ನ್ ಮಾಡಲೇಬೇಕು, ಕೆಂಪು ವೃತ್ತದಲ್ಲಿ ಅಡ್ಡಗೆರೆಯೊಂದಿಗೆ ಇದ್ದರೆ ಮಾಡಲೇಬಾರದು. ಬಿಳಿಯ ವೃತ್ತದ ಮೇಲೆ ಬರೀ ಒಂದು ಕಪ್ಪು ಓರೆಗೆರೆ ಇದ್ದರೆ ಹಿಂದಿನ ನಿರ್ಬಂಧ ಅಲ್ಲಿಗೆ ಮುಗಿಯಿತು ಎಂದು ಅರ್ಥ. ತ್ರಿಕೋನದಲ್ಲಿ ಗೇಟಿನ ಚಿತ್ರವಿದ್ದರೆ ಕಾವಲಿರುವ ರೈಲ್ವೆ ಕ್ರಾಸಿಂಗ್, ರೈಲು ಎಂಜಿನ್ನಿನ ಚಿತ್ರವಿದ್ದರೆ ಕಾವಲಿಲ್ಲದ್ದು. ಆಸ್ಪತ್ರೆಗೆ ಹಾಸಿಗೆಯ ಚಿತ್ರ, ಪ್ರಥಮ ಚಿಕಿತ್ಸೆಗೆ ಕೆಂಪು ಅಧಿಕ ಚಿಹ್ನೆ.

ಮಲೆನಾಡಿನವರಿಗೆ ಒಂದು ಅನುಕೂಲವಿದೆ. ಬಯಲುಸೀಮೆಯ ಅಭ್ಯರ್ಥಿ ಚಿತ್ರದಲ್ಲಿ ಮಾತ್ರ ನೋಡುವ ಹೇರ್‌ಪಿನ್ ತಿರುವು, ಕಡಿದಾದ ಇಳಿಜಾರು, ಕಲ್ಲು ಉರುಳುವ ಜಾಗ, ಕಿರಿದಾದ ಸೇತುವೆ, ಜಾರುವ ರಸ್ತೆ, ದನಗಳಿರುವ ಜಾಗ ಎಲ್ಲವೂ ನಮ್ಮ ದಾರಿಯಲ್ಲೇ ಸಿಗುತ್ತವೆ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿಯುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಎಡಬದಿಯ ಫಲಕಗಳನ್ನು ಬರೆದುಕೊಳ್ಳುತ್ತ ಹೋದರೆ ಎಚ್ಚರಿಕೆ ಚಿಹ್ನೆಗಳ ಅರ್ಧ ಪಾಠ ಒಂದೇ ಪ್ರಯಾಣದಲ್ಲಿ ಮುಗಿಯುತ್ತದೆ. ದೋಣಿಯ ಚಿತ್ರವಿರುವ ತ್ರಿಕೋನದಲ್ಲಿ ಮಾತ್ರ ಗೊಂದಲ ಉಳಿಯುತ್ತದೆ. ಅದು ಪ್ರವಾಸಿ ತಾಣದ ಮಾಹಿತಿಯಲ್ಲ, ಮುಂದೆ ರಸ್ತೆ ನೀರಿನ ಅಂಚಿನಲ್ಲಿ ಮುಗಿದು ಗಾಡಿಯನ್ನು ಲಾಂಚ್‌ಗೆ ಹತ್ತಿಸಬೇಕು ಎಂಬ ಎಚ್ಚರಿಕೆ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆಗುವ ಮೊದಲು ಹೊಳೆಬಾಗಿಲಿನಲ್ಲಿ ಲಾಂಚ್‌ಗಾಗಿ ಸರತಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಚ್ಚರಿಕೆಯ ಲಕ್ಷಣ: ಚಿಹ್ನೆಯ ಹೆಸರು ಹೇಳಲು ಬರುತ್ತದೆ, ಅದನ್ನು ಕಂಡಾಗ ಏನು ಮಾಡಬೇಕು ಎಂದು ಹೇಳಲು ಬರುವುದಿಲ್ಲ ಎಂದಾದರೆ ಈ ಹಂತ ಮುಗಿದಿಲ್ಲ.

ಹಂತ 5: ಯಾರು ಮೊದಲು ಹೋಗಬೇಕು

ಹೆಚ್ಚು ಅಂಕ ಹೋಗುವುದು ಇಲ್ಲಿ. ಕಾರಣ ಸರಳ: ನಮ್ಮ ರಸ್ತೆಗಳಲ್ಲಿ ಗಾಡಿಯ ಗಾತ್ರವೇ ಆದ್ಯತೆಯನ್ನು ನಿರ್ಧರಿಸುತ್ತದೆ, ಲಾರಿಗೆ ಬಸ್ಸು, ಬಸ್ಸಿಗೆ ಕಾರು, ಕಾರಿಗೆ ಬೈಕು ದಾರಿ ಬಿಡುತ್ತದೆ. ನಿಯಮದಲ್ಲಿ ಗಾತ್ರದ ಮಾತೇ ಇಲ್ಲ.

ಶಿವಮೊಗ್ಗದ ಗೋಪಿ ವೃತ್ತದಂಥ ಜಾಗದಲ್ಲಿ ಸಿಗ್ನಲ್ ಕೆಲಸ ಮಾಡುತ್ತಿಲ್ಲ, ಪೊಲೀಸರೂ ಇಲ್ಲ ಎಂದುಕೊಳ್ಳಿ. ಮುಖ್ಯ ರಸ್ತೆಗೆ ಅಡ್ಡರಸ್ತೆಯಿಂದ ಸೇರುವವರು ಮುಖ್ಯ ರಸ್ತೆಯ ಗಾಡಿಗಳಿಗೆ ದಾರಿ ಬಿಡಬೇಕು. ಎರಡೂ ಸಮಾನ ರಸ್ತೆಗಳಾದರೆ ನಿಮ್ಮ ಬಲಗಡೆಯಿಂದ ಬರುವ ಗಾಡಿಗೆ ಬಿಡಬೇಕು. ಗಾಡಿಗಳು ಸುತ್ತಿ ಹೋಗುವ ವೃತ್ತಕ್ಕೆ (ರೌಂಡ್‌ಅಬೌಟ್) ಪ್ರವೇಶಿಸುವಾಗಲೂ ಅದೇ, ವೃತ್ತದೊಳಗೆ ಈಗಾಗಲೇ ಸುತ್ತುತ್ತಿರುವವರು ನಿಮ್ಮ ಬಲಕ್ಕೆ ಇರುತ್ತಾರೆ, ಅವರು ಮೊದಲು. ಪೊಲೀಸರು ನಿಂತು ಕೈಸನ್ನೆ ಮಾಡುತ್ತಿದ್ದರೆ ದೀಪ ಯಾವ ಬಣ್ಣದಲ್ಲಿದ್ದರೂ ಅವರ ಸನ್ನೆಯೇ ಅಂತಿಮ. ಮಿನುಗುವ ಕೆಂಪು ದೀಪಕ್ಕೆ ಪೂರ್ತಿ ನಿಂತು, ನೋಡಿ, ಹೊರಡಬೇಕು. ಮಿನುಗುವ ಹಳದಿಗೆ ವೇಗ ತಗ್ಗಿಸಿ ಎಚ್ಚರದಿಂದ ಸಾಗಬೇಕು. ಸ್ಥಿರವಾದ ಹಳದಿ ದೀಪ ಬೇಗ ದಾಟು ಎಂಬ ಸೂಚನೆಯಲ್ಲ, ಸುರಕ್ಷಿತವಾಗಿ ನಿಲ್ಲಲು ಸಾಧ್ಯವಿದ್ದರೆ ನಿಲ್ಲು ಎಂಬ ಸೂಚನೆ.

ಘಾಟಿಯ ಪ್ರಶ್ನೆಯನ್ನು ನಮ್ಮವರೇ ತಪ್ಪು ಮಾಡುವುದು ಸೋಜಿಗ. ಎರಡು ಗಾಡಿಗಳು ಒಟ್ಟಿಗೆ ದಾಟಲಾಗದ ಕಡಿದಾದ ರಸ್ತೆಯಲ್ಲಿ ಇಳಿಯುವ ಗಾಡಿ ನಿಂತು, ಏರುವ ಗಾಡಿಗೆ ದಾರಿ ಬಿಡಬೇಕು. ಭಾರ ಹೊತ್ತು ಏರುತ್ತಿರುವ ಗಾಡಿ ತಿರುವಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ, ಹಿಂದಕ್ಕೆ ಜಾರುವ ಅಪಾಯವೂ ಇದೆ. ಇಳಿಯುವವನಿಗೆ ಬ್ರೇಕ್ ಹಿಡಿದು ನಿಲ್ಲುವುದಷ್ಟೇ ಕೆಲಸ. ಕಾರಣವನ್ನು ಹೀಗೆ ಹುಲಿಕಲ್ ಘಾಟಿಯ ಒಂದು ತಿರುವಿನಲ್ಲಿ ಕಲ್ಪಿಸಿಕೊಂಡರೆ ಉತ್ತರ ಮತ್ತೆ ಮರೆಯುವುದಿಲ್ಲ.

ಆಂಬುಲೆನ್ಸ್ ಮತ್ತು ಅಗ್ನಿಶಾಮಕ ವಾಹನ ಬಂದರೆ ಬದಿಗೆ ಸರಿದು ದಾರಿ ಬಿಡಬೇಕು. ಅದರ ಬೆನ್ನು ಹಿಡಿದು ಹೋಗುವುದು ಸರಿಯಾದ ಉತ್ತರವಲ್ಲ. ಪಾದಚಾರಿ ಪಟ್ಟೆಯ ಮೇಲೆ ಜನರಿದ್ದರೆ ನಿಲುಗಡೆ ಗೆರೆಗಿಂತ ಮೊದಲೇ ನಿಲ್ಲಬೇಕು. ಬಿಳಿ ಕೋಲು ಹಿಡಿದ ಅಂಧರು ರಸ್ತೆ ದಾಟುತ್ತಿದ್ದರೆ ಆ ಕೋಲನ್ನೇ ನಿಲ್ಲುವ ಸಂಕೇತವೆಂದು ತಿಳಿಯಬೇಕು. ದನಗಳ ಹಿಂಡು ಎದುರಾದರೆ ಹಾರ್ನ್ ಬಾರಿಸಿ ನುಗ್ಗುವುದಲ್ಲ, ನಿಧಾನಿಸಿ ಅಗತ್ಯವಿದ್ದರೆ ನಿಲ್ಲುವುದು.

ಕಾವಲಿಲ್ಲದ ರೈಲ್ವೆ ಕ್ರಾಸಿಂಗಿನಲ್ಲಿ ಗಾಡಿ ನಿಲ್ಲಿಸಿ, ಜೊತೆಯಲ್ಲಿ ಬೇರೆ ಯಾರೂ ಇಲ್ಲದಿದ್ದರೆ ಚಾಲಕನೇ ಇಳಿದು ಹೋಗಿ ಎರಡೂ ದಿಕ್ಕು ನೋಡಿ, ರೈಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ದಾಟಬೇಕು. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಇಂಥ ಕ್ರಾಸಿಂಗುಗಳನ್ನು 2019ರ ಜನವರಿಯ ಹೊತ್ತಿಗೆ ದೇಶದಾದ್ಯಂತ ತೆಗೆದುಹಾಕಲಾಗಿದೆ, ಆದ್ದರಿಂದ ತಾಳಗುಪ್ಪದ ಕಡೆಯವರೂ ಈಗ ಇದನ್ನು ಕಾಣುವುದಿಲ್ಲ. ನಿಯಮ ಮಾತ್ರ ಹಾಗೆಯೇ ಇದೆ, ಪ್ರಶ್ನೆಯೂ ಇದೆ.

ಹಂತ 6: ಹಿಂದಿಕ್ಕುವ ನಿಯಮ, ರಸ್ತೆಯ ಗೆರೆ ಮತ್ತು ಕೈಸನ್ನೆ

ಬಲಗಡೆಯಿಂದ ಹಿಂದಿಕ್ಕಬೇಕು, ಮುಂದಿನ ಗಾಡಿ ಬಲಕ್ಕೆ ತಿರುಗುವ ಸೂಚನೆ ಕೊಟ್ಟು ರಸ್ತೆಯ ನಡುವಿಗೆ ಬಂದಿದ್ದರೆ ಮಾತ್ರ ಎಡಗಡೆಯಿಂದ ಮುಂದೆ ಹೋಗಬಹುದು. ಎಲ್ಲಿ ಹಿಂದಿಕ್ಕಬಾರದು ಎಂಬ ಪಟ್ಟಿಯನ್ನು ಉರು ಹೊಡೆಯುವ ಬದಲು "ಮುಂದಿನ ರಸ್ತೆ ನನಗೆ ಕಾಣುತ್ತಿದೆಯೇ?" ಎಂಬ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಿ. ತಿರುವು, ಏರಿನ ತುದಿ, ಕಿರಿದಾದ ಸೇತುವೆ, ಕೂಡುರಸ್ತೆ, ಮಂಜು ಮುಸುಕಿದ ಜಾಗ ಎಲ್ಲವೂ ಆ ಪ್ರಶ್ನೆಯಲ್ಲೇ ಬಿದ್ದುಹೋಗುತ್ತವೆ. ನಿಮ್ಮನ್ನು ಮತ್ತೊಬ್ಬರು ಹಿಂದಿಕ್ಕಲು ಶುರುಮಾಡಿದ್ದರೆ ನೀವು ಹೊರಡಬಾರದು, ವೇಗವನ್ನೂ ಹೆಚ್ಚಿಸಬಾರದು.

ರಸ್ತೆಯ ನಡುವೆ ತುಂಡು ಗೆರೆಯಿದ್ದರೆ ಸುರಕ್ಷಿತವಾಗಿರುವಾಗ ದಾಟಬಹುದು, ಅಖಂಡ ಗೆರೆಯಿದ್ದರೆ ದಾಟಬಾರದು. ಒಂದು ತುಂಡು, ಒಂದು ಅಖಂಡ ಗೆರೆ ಜೊತೆಯಲ್ಲಿದ್ದರೆ ನಿಮ್ಮ ಬದಿಗೆ ಹತ್ತಿರವಿರುವ ಗೆರೆ ನಿಮಗೆ ಅನ್ವಯಿಸುತ್ತದೆ.

ಕೈಸನ್ನೆಗಳೆಲ್ಲ ಬಲಗೈಯದ್ದೇ. ಬಲಕ್ಕೆ ತಿರುಗಲು ಕೈಯನ್ನು ಬಲಕ್ಕೆ ನೇರ ಚಾಚಿ ಅಂಗೈ ಮುಂದಕ್ಕೆ. ಎಡಕ್ಕೆ ತಿರುಗಲು ಚಾಚಿದ ಕೈಯನ್ನು ಅಪ್ರದಕ್ಷಿಣವಾಗಿ ಸುತ್ತಿಸುವುದು. ನಿಧಾನಿಸಲು ಅಂಗೈ ಕೆಳಮುಖವಾಗಿ ಮೇಲೆ ಕೆಳಗೆ ಆಡಿಸುವುದು. ನಿಲ್ಲಿಸಲು ಮುಂಗೈಯನ್ನು ನೆಟ್ಟಗೆ ಮೇಲೆತ್ತುವುದು. ಆಕ್ಸಿಲರೇಟರ್ ಮತ್ತು ಮುಂದಿನ ಬ್ರೇಕ್ ಎರಡೂ ಅದೇ ಕೈಯಲ್ಲಿರುವ ಬೈಕ್ ಸವಾರನಿಗೆ ಇದು ಎಷ್ಟು ಪ್ರಾಯೋಗಿಕ ಎಂಬ ಅನುಮಾನ ನನಗೂ ಇದೆ. ಆ ಅನುಮಾನವನ್ನು ಉತ್ತರಪತ್ರಿಕೆಯ ತನಕ ಒಯ್ಯಬಾರದು. ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದರೆ ಎಡ ಬಲ ಅದಲುಬದಲಾಗುತ್ತದೆ, ಮನೆಯವರ ಎದುರು ನಿಂತು ಮಾಡಿ.

ಹಂತ 7: ಸುರಕ್ಷಿತ ಸವಾರಿಯ ಪ್ರಶ್ನೆಗಳು

ಈ ಭಾಗಕ್ಕೆ ಉತ್ತರವನ್ನಲ್ಲ, ಗಾಡಿ ನಿಲ್ಲುವ ಬಗೆಯನ್ನು ಅರ್ಥ ಮಾಡಿಕೊಳ್ಳಬೇಕು. ಗಂಟೆಗೆ 50 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುತ್ತದೆ. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ, ನಿಲ್ಲುವ ದೂರ ಅದರ ಮೇಲಿನ ಮಾತು. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ಸಾಗುವ ದೂರ ಸುಮಾರು ನಾಲ್ಕು ಪಟ್ಟಾಗುತ್ತದೆ. ಮುಂದಿನ ಗಾಡಿ ಒಂದು ಮೈಲಿಗಲ್ಲನ್ನೋ ಮರವನ್ನೋ ದಾಟಿದ ಮೇಲೆ ನೀವು ಅಲ್ಲಿಗೆ ಬರಲು ಕನಿಷ್ಠ ಎರಡು ಸೆಕೆಂಡು ಹಿಡಿಯುವಷ್ಟು ಅಂತರವಿರಬೇಕು. ಮಳೆಯಲ್ಲಿ ಅದನ್ನು ಇಮ್ಮಡಿ ಮಾಡಬೇಕು.

ಬ್ರೇಕಿನ ಬಗ್ಗೆ ಹಳ್ಳಿಯಲ್ಲಿ ಒಂದು ಹಳೆಯ ನಂಬಿಕೆಯಿದೆ: ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ. ಸರಿಯಾದ ಉತ್ತರ ಎರಡೂ ಬ್ರೇಕುಗಳನ್ನು ಒಟ್ಟಿಗೆ, ಹಂತಹಂತವಾಗಿ ಒತ್ತುವುದು. ಗಾಡಿ ನಿಧಾನಿಸುವಾಗ ಭಾರ ಮುಂದಿನ ಚಕ್ರಕ್ಕೆ ವಾಲುವುದರಿಂದ ನಿಲ್ಲಿಸುವ ಶಕ್ತಿ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಹಿಂದಿನದನ್ನು ಮಾತ್ರ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಅಡ್ಡ ಜಾರುತ್ತದೆ. ನಂಬಿಕೆಯಲ್ಲಿ ನಿಜವಿರುವುದು ಜಲ್ಲಿ, ಕೆಸರು ಮತ್ತು ತಿರುವಿನ ಮಟ್ಟಿಗೆ: ಅಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿಯಬಾರದು, ವೇಗವನ್ನು ತಿರುವಿಗೆ ಮೊದಲೇ ತಗ್ಗಿಸಿರಬೇಕು. ಕೊಯ್ಲಿನ ಕಾಲದಲ್ಲಿ ರಸ್ತೆ ಬದಿಗೆ ಸುರಿದ ಅಡಿಕೆ ಸಿಪ್ಪೆ ಮಳೆಗೆ ನೆನೆದಾಗ ಎಷ್ಟು ಜಾರುತ್ತದೆ ಎಂಬುದನ್ನು ಸಾಗರ, ಹೊಸನಗರದವರು ಬಲ್ಲರು. ಮೊದಲ ಮಳೆಯ ರಸ್ತೆಯೂ ಹಾಗೆಯೇ, ಧೂಳು ಮತ್ತು ಎಣ್ಣೆಯ ಪಸೆ ನೀರಿನೊಂದಿಗೆ ಬೆರೆತು ಮೇಲೇಳುತ್ತದೆ.

ಇಳಿಜಾರಿನ ಪ್ರಶ್ನೆಯಲ್ಲಿ ರೂಢಿ ಮತ್ತು ನಿಯಮದ ನಡುವಿನ ಅಂತರ ಇನ್ನೂ ದೊಡ್ಡದು. ಪೆಟ್ರೋಲ್ ಉಳಿಸಲು ಎಂಜಿನ್ ಆರಿಸಿ ಅಥವಾ ನ್ಯೂಟ್ರಲ್ಲಿಗೆ ಹಾಕಿ ಘಾಟಿ ಇಳಿಯುವವರು ಈಗಲೂ ಇದ್ದಾರೆ. ಏರಲು ಯಾವ ಗೇರ್ ಬೇಕಾಗುತ್ತಿತ್ತೋ ಇಳಿಯಲೂ ಅದೇ ಗೇರ್ ಎಂಬುದು ಸರಿಯಾದ ಉತ್ತರ. ಹಾಗೆ ಮಾಡಿದಾಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ. ನ್ಯೂಟ್ರಲ್ಲಿನಲ್ಲಿ ಇಡೀ ಕೆಲಸ ಬ್ರೇಕಿನ ಮೇಲೆ ಬಿದ್ದು, ಸತತವಾಗಿ ಒತ್ತಿದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುತ್ತದೆ.

ಮಂಜಿನಲ್ಲಿ ಹೆಡ್‌ಲೈಟಿನ ಬೆಳಕನ್ನು ತಗ್ಗಿಸಬೇಕು, ಹೆಚ್ಚಿಸಬಾರದು. ಎತ್ತರದ ಬೆಳಕು ಮಂಜಿಗೆ ತಾಗಿ ಸವಾರನ ಕಣ್ಣಿಗೇ ಮರಳುತ್ತದೆ. ರಾತ್ರಿ ಎದುರಿನಿಂದ ಗಾಡಿ ಬಂದಾಗಲೂ ತಗ್ಗಿಸಬೇಕು. ಸವಾರನ ಹೊರತು ಒಬ್ಬರಿಗೆ ಮಾತ್ರ ಅವಕಾಶ. ನಾಲ್ಕು ವರ್ಷ ಮೇಲ್ಪಟ್ಟ ಇಬ್ಬರಿಗೂ ಐಎಸ್ಐ ಗುರುತಿನ ಹೆಲ್ಮೆಟ್ ಕಡ್ಡಾಯ, ಪಟ್ಟಿ ಬಿಗಿದಿರಬೇಕು. 9 ತಿಂಗಳಿಂದ 4 ವರ್ಷದ ಮಗುವಿಗೆ ಸವಾರನ ಮೈಗೆ ಬಿಗಿಯುವ ಸುರಕ್ಷಾ ಪಟ್ಟಿ ಮತ್ತು ಮಗುವಿನ ಅಳತೆಯ ಹೆಲ್ಮೆಟ್ ಬೇಕು, ವೇಗ 40 ಕಿ.ಮೀ. ದಾಟಬಾರದು. ಹಿಂದೆ ಕೂತವರು ಮಳೆಗೆ ಕೊಡೆ ಬಿಚ್ಚುವುದು ಪ್ರಶ್ನೆಪತ್ರಿಕೆಯಲ್ಲಿ ಬರುತ್ತದೆಯೋ ಇಲ್ಲವೋ, ಗಾಳಿಗೆ ಕೊಡೆಯೊಂದಿಗೆ ಅವರೂ ಹಾರಿ ಬೀಳುತ್ತಾರೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ.

ಹಂತ 8: ನೆನಪಿಡಲೇಬೇಕಾದ ಕೆಲವು ಅಂಕಿಗಳು

ರಕ್ತದಲ್ಲಿ ಮದ್ಯಸಾರದ ಮಿತಿ 100 ಮಿಲಿಲೀಟರಿಗೆ 30 ಮಿಲಿಗ್ರಾಂ. ಅಪಘಾತದಲ್ಲಿ ಪೆಟ್ಟಾದವರಿಗೆ ಮೊದಲು ಚಿಕಿತ್ಸೆ ಒದಗಿಸಬೇಕು. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕು. ಇವೆರಡರ ಅನುಕ್ರಮವನ್ನು ತಿರುಗಿಸಿ, ಠಾಣೆಗೆ ಹೋಗುವುದನ್ನೇ ಮೊದಲ ಕರ್ತವ್ಯವೆಂದು ಬರೆಯುವವರು ಬಹಳ. ಕಲಿಕಾ ಪರವಾನಗಿಯ ಅವಧಿ 6 ತಿಂಗಳು. ಗಾಡಿಯೊಂದಿಗೆ ಇರಬೇಕಾದವು ಚಾಲನಾ ಪರವಾನಗಿ, ನೋಂದಣಿ ಪ್ರಮಾಣಪತ್ರ, ವಿಮೆ ಮತ್ತು ವಾಯುಮಾಲಿನ್ಯ ಪ್ರಮಾಣಪತ್ರ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ಆ್ಯಪಿನಲ್ಲಿರುವ ಪ್ರತಿಗಳೂ ನಡೆಯುತ್ತವೆ. ಸ್ವಂತ ಬಳಕೆಯ ಗಾಡಿಯ ನಂಬರ್ ಪ್ಲೇಟ್ ಬಿಳಿಯ ಮೇಲೆ ಕಪ್ಪು, ಬಾಡಿಗೆ ವಾಹನದ್ದು ಹಳದಿಯ ಮೇಲೆ ಕಪ್ಪು.

ಹಂತ 9: ಈಗ ಪ್ರಶ್ನೋತ್ತರ ಪಟ್ಟಿ ಹಿಡಿಯಿರಿ

ಎಂಟು ಹಂತ ಮುಗಿದ ಮೇಲೆ ಮಾತ್ರ ಅಣಕು ಪರೀಕ್ಷೆ. ಸಾರಥಿ ಜಾಲತಾಣದಲ್ಲೇ ಅದಕ್ಕೆ ವ್ಯವಸ್ಥೆಯಿದೆ. 15 ಪ್ರಶ್ನೆಗಳ ಕಟ್ಟು ಮಾಡಿಕೊಂಡು, ಪ್ರತಿ ಪ್ರಶ್ನೆಗೆ ಅರ್ಧ ನಿಮಿಷದಂತೆ ಮೊಬೈಲಿನ ಗಡಿಯಾರ ಇಟ್ಟು ಬರೆಯಿರಿ. ತಪ್ಪಾದ ಪ್ರಶ್ನೆಯ ಎದುರು ಸರಿಯುತ್ತರವನ್ನು ಬರೆಯುವುದಕ್ಕಿಂತ, ತಪ್ಪಿದ್ದು ಪದದಿಂದಲೋ ಚಿತ್ರದಿಂದಲೋ ಊರಿನ ರೂಢಿಯಿಂದಲೋ ಎಂದು ಬರೆಯುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಎರಡು ದಿನದಲ್ಲಿ ನಿಮ್ಮ ದೌರ್ಬಲ್ಯ ಎಲ್ಲಿದೆ ಎಂಬುದು ಆ ಪುಟದಲ್ಲೇ ಕಾಣುತ್ತದೆ.

ಪಾಸಾಗಲು 9 ಸಾಕಾದರೂ, ಸತತ ಮೂರು ಸಲ 13 ಬರುವವರೆಗೆ ದಿನ ಗೊತ್ತುಮಾಡಬೇಡಿ ಎಂಬುದು ನನ್ನ ಸಲಹೆ. ಅದೇ ಅನುಕ್ರಮದಲ್ಲಿ ಓದಿದಾಗ 14, ಕಲಸಿ ಕೇಳಿದಾಗ 8 ಬರುತ್ತಿದ್ದರೆ ನೀವು ಓದಿರುವುದು ನಿಯಮವನ್ನಲ್ಲ, ಪಟ್ಟಿಯನ್ನು. ಉದ್ದವಾದ ಆಯ್ಕೆಯೇ ಸರಿ, "ಮೇಲಿನ ಎಲ್ಲವೂ" ಎಂಬುದೇ ಸರಿ ಎಂದು ಊಹಿಸಿ ಒತ್ತುತ್ತಿದ್ದರೆ ಅದೂ ಅದೇ ಕಾಯಿಲೆ.

ಹಂತ 10: ಪರೀಕ್ಷೆಯ ದಿನ

ಆಧಾರ್ ದೃಢೀಕರಣದೊಂದಿಗೆ ಮನೆಯಿಂದಲೇ ಬರೆಯುವುದಾದರೆ ಕ್ಯಾಮೆರಾ ಇರುವ ಕಂಪ್ಯೂಟರ್ ಅಥವಾ ಮೊಬೈಲ್, ಮುಖದ ಮೇಲೆ ಬೀಳುವ ಬೆಳಕು, ಕಡಿಯದ ಇಂಟರ್ನೆಟ್ ಬೇಕು. ಪರೀಕ್ಷೆಗೆ ಮೊದಲು ರಸ್ತೆ ಸುರಕ್ಷತೆಯ ವಿಡಿಯೋವನ್ನು ಪೂರ್ತಿ ನೋಡಬೇಕಾಗುತ್ತದೆ, ನಡುವೆ ಓಡಿಸಿ ಬಿಡುವ ಯೋಚನೆ ಬೇಡ. ಕ್ಯಾಮೆರಾದ ಚೌಕಟ್ಟಿನಿಂದ ಮುಖ ಸರಿದರೆ ಅಥವಾ ಮತ್ತೊಬ್ಬರ ಮುಖ ಬಂದರೆ ಪರೀಕ್ಷೆಯೇ ನಿಲ್ಲಬಹುದು, ಆದ್ದರಿಂದ ಬಾಗಿಲು ಹಾಕಿಕೊಂಡು ಒಬ್ಬರೇ ಕೂರಿ. ಆಷಾಢ, ಶ್ರಾವಣದ ಮಳೆಯಲ್ಲಿ ಒಳಹಳ್ಳಿಗಳಲ್ಲಿ ಕರೆಂಟೂ ನೆಟ್‌ವರ್ಕೂ ಯಾವಾಗ ಹೋಗುತ್ತವೆ ಎಂದು ಹೇಳಲಾಗದು. ಅಂಥ ಊರಿನವರು ಪೇಟೆಯ ನೆಂಟರ ಮನೆಯಲ್ಲಿ ಕೂತು ಬರೆಯುವುದು ಅಥವಾ ಕಚೇರಿಯಲ್ಲೇ ಬರೆಯುವ ಆಯ್ಕೆ ಮಾಡುವುದು ಮೇಲು.

"ನೀವು ಕ್ಯಾಮೆರಾ ಮುಂದೆ ಕೂತರೆ ಸಾಕು, ಉತ್ತರ ನಾವು ಒತ್ತುತ್ತೇವೆ" ಎನ್ನುವ ಮಧ್ಯವರ್ತಿಗೆ ಹಣ ಕೊಡಬೇಡಿ. ಒಟಿಪಿಯನ್ನೂ ಪರೀಕ್ಷೆಯ ಪಾಸ್‌ವರ್ಡನ್ನೂ ಯಾರಿಗೂ ಕೊಡಬಾರದು. ನಪಾಸಾದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. 50 ರೂಪಾಯಿ ಕಟ್ಟಿ ಮರುಪರೀಕ್ಷೆಗೆ ಸಮಯ ಪಡೆಯಬಹುದು. ಮತ್ತೆ ಪ್ರಶ್ನೋತ್ತರ ಪಟ್ಟಿ ತೆರೆಯುವ ಮುನ್ನ, ಒಂಬತ್ತನೆಯ ಹಂತದಲ್ಲಿ ಬರೆದ ತಪ್ಪುಗಳ ಪುಟ ನೋಡಿ, ಅದು ತೋರಿಸುವ ಹಂತಕ್ಕೆ ಮಾತ್ರ ಹಿಂತಿರುಗಿ.

ಪಾಸಾದ ದಿನದಿಂದ 30 ದಿನ ಕಳೆದ ಮೇಲೆ, ಆರು ತಿಂಗಳು ಮುಗಿಯುವ ಮುನ್ನ ಗಾಡಿ ಓಡಿಸಿ ತೋರಿಸುವ ಪರೀಕ್ಷೆಗೆ ಹೋಗಬೇಕು. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಎರಡೂ ಕಡೆ 18 ಸೆಂಟಿಮೀಟರ್ ಚೌಕದ ಬಿಳಿ ಫಲಕದ ಮೇಲೆ ಕೆಂಪು "ಎಲ್" ಇರಬೇಕು, ಕಲಿಸುವ ಪರವಾನಗಿದಾರರನ್ನು ಬಿಟ್ಟು ಬೇರೆ ಯಾರನ್ನೂ ಹಿಂದೆ ಕೂರಿಸಿಕೊಳ್ಳುವಂತಿಲ್ಲ. ಕಾಗದದ ಮೇಲೆ ಬರೆದು ಅಂಟಿಸಿದ "ಎಲ್" ನಮ್ಮ ಮಳೆಗೆ ಎರಡು ದಿನವೂ ಬಾಳುವುದಿಲ್ಲ, ಪ್ಲಾಸ್ಟಿಕ್ ಸ್ಟಿಕ್ಕರನ್ನೇ ಹಾಕಿಸಿ.